ಅತ್ತಿಗೆಯ ಪಾಲಿಗೆ ಬಂದ ಪದ

ಮಾರ್ಚ್ ಹತ್ತೊಂಬತ್ತು, ಗುರುವಾರ. ಬೆಳಿಗ್ಗೆ ಮೋಡ ಕವಿದಿತ್ತು. ಒಂಬತ್ತರ ಹೊತ್ತಿಗೆ ಗಾಳಿ ಎದ್ದು ಬೀದಿಯ ಧೂಳನ್ನೂ ಮೋಡವನ್ನೂ ಒಟ್ಟಿಗೇ ಒಯ್ದಿತು, ಹನಿ ಬೀಳಲಿಲ್ಲ. ಮಧ್ಯಾಹ್ನ ಬಿಸಿಲು ಚುರುಕಾಗಿತ್ತು.

ಇವತ್ತು ಅತ್ತಿಗೆಯ ಮರುಪರೀಕ್ಷೆ. ನಾನು ಕಚೇರಿಗೆ ಅರ್ಧ ದಿನದ ರಜೆ ಹಾಕಿ ಜೊತೆಗೆ ಹೋಗಿದ್ದೆ. ಅಲ್ಲಿ ನಡೆದದ್ದನ್ನು ಬರೆಯುವ ಮೊದಲು, ಅತ್ತಿಗೆ ಎಂಥವರು, ಈ ಪರೀಕ್ಷೆ ಅವರ ಬಾಳಿನೊಳಗೆ ಎಲ್ಲಿಂದ ಬಂತು ಎಂಬುದನ್ನು ಕ್ರಮವಾಗಿ ಬರೆದಿಡಬೇಕು. ಇಲ್ಲದಿದ್ದರೆ ಇವತ್ತಿನ ಸಂಗತಿ ಮುಂದೊಂದು ದಿನ ಓದಿದಾಗ ಬರೀ ಫಲಿತಾಂಶದಂತೆ ಕಾಣುತ್ತದೆ.

ಅತ್ತಿಗೆ, ಅಂದರೆ ನನ್ನ ಅಣ್ಣನ ಹೆಂಡತಿ, ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ತರಬೇತಿ ಮುಗಿಸಿ ಬಂದಾಗಿನಿಂದ ಅದೇ ವಾರ್ಡು. ಗಿಡ್ಡ ದೇಹ, ಬಿರುಸು ನಡಿಗೆ. ಬೆರಳುಗಳು ಮಾತ್ರ ನಿಧಾನ. ಅಳುವ ಮಗುವಿನ ಕೈಯಲ್ಲಿ ನರ ಹುಡುಕುವಾಗ ಅವರು ತಮ್ಮ ಉಸಿರನ್ನೂ ಬಿಗಿ ಹಿಡಿಯುತ್ತಾರೆಂದು ಜೊತೆಯವರು ಹೇಳುತ್ತಾರೆ. ಮನೆಯಲ್ಲಿ ಅವರು ಹಾಗೆ ಉಸಿರು ಹಿಡಿದದ್ದನ್ನು ನಾನು ಕಂಡಿರುವುದು ಸೂಜಿಗೆ ದಾರ ಪೋಣಿಸುವಾಗ ಮಾತ್ರ. ಅವರು ಮದುವೆಯಾಗಿ ಬಂದಾಗ ನಾನಿನ್ನೂ ಕಾಲೇಜಿನಲ್ಲಿದ್ದೆ. ಆದ್ದರಿಂದ ಇಂದಿಗೂ ಅವರಿಗೆ ನಾನು ‘ನೀನು’. ಸಿಟ್ಟು ಬಂದಾಗ ‘ಮೇಷ್ಟ್ರು’. ನಾನು ಮೇಷ್ಟರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಇಂಗ್ಲಿಷ್ ಪ್ರಕಟಣೆಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ.

ಅತ್ತಿಗೆಗೆ ಒಂದು ಅಭ್ಯಾಸವಿದೆ. ಯಾರು ಏನೇ ಹೇಳಿದರೂ ಅದನ್ನು ಇಡಿಯಾಗಿ ತಿರುಗಿ ಹೇಳಿ, ಆಮೇಲೆಯೇ ಮುಂದಿನ ಕೆಲಸ. ಇದು ಹುಟ್ಟುಗುಣವಲ್ಲ, ವಾರ್ಡಿನಿಂದ ಬಂದದ್ದು. ಅವರು ಕೆಲಸಕ್ಕೆ ಸೇರಿದಾಗ ಅಲ್ಲಿದ್ದ ಹಿರಿಯ ನರ್ಸ್ ಒಂದು ಕಟ್ಟಳೆ ಮಾಡಿದ್ದರಂತೆ: ಡಾಕ್ಟರು ಬಾಯಿಮಾತಿನಲ್ಲಿ ಕೊಟ್ಟ ಯಾವ ಆದೇಶವನ್ನೂ ಅವರ ಕಿವಿಗೇ ತಿರುಗಿ ಒಪ್ಪಿಸದೆ ನಡೆಸಕೂಡದು. ಯಾವ ಮಂಚ, ಆ ಮಂಚದ ಮೇಲಿರುವ ಮಗುವಿಗೆ ಏನು ಕಾಯಿಲೆ, ಯಾವ ಔಷಧ, ಎಷ್ಟು, ಎಲ್ಲವೂ ಬರಬೇಕು. ಡಾಕ್ಟರು ‘ಸರಿ’ ಎಂದ ಮೇಲೆ ಕೈ ಮುಂದೆ ಹೋಗಬೇಕು. ಹಿರಿಯ ನರ್ಸ್ ನಿವೃತ್ತರಾದರು, ಡಾಕ್ಟರುಗಳು ಬದಲಾದರು. ಅತ್ತಿಗೆಯ ನಾಲಿಗೆಯಲ್ಲಿ ಕಟ್ಟಳೆ ಉಳಿಯಿತು. ವಾರ್ಡಿನಲ್ಲಿ ಅವರಿಗೆ ‘ಗಿಳಿ ಸಿಸ್ಟರ್’ ಎಂದೇ ಹೆಸರು.

ಈ ಅಭ್ಯಾಸ ಮನೆಗೂ ಬಂದು ಕೂತಿತು. ಅಣ್ಣ ಈಗಲೂ ನೆಂಟರೆದುರು ಹೇಳುವ ಮಾತೊಂದಿದೆ. ಮದುವೆಗೆ ಮುಂಚೆ ಅವನು ಆಸ್ಪತ್ರೆಯ ಲಿಫ್ಟ್ ರಿಪೇರಿಗೆ ಹೋಗುತ್ತಿದ್ದಾಗ, ಧೈರ್ಯ ಮಾಡಿ, ‘ನನ್ನನ್ನ ಮದುವೆ ಆಗ್ತೀರಾ?’ ಎಂದು ಕೇಳಿದನಂತೆ. ‘ನಿಮ್ಮನ್ನ ಮದುವೆ ಆಗ್ತೀನಾ ಅಂತ ಕೇಳ್ತಿದ್ದೀರಿ. ಸರಿಯಾ?’ ಎಂದರಂತೆ ಅತ್ತಿಗೆ.

‘ಸರಿ ಅನ್ನೋಷ್ಟರಲ್ಲಿ ನನ್ನ ಜೀವ ಮೂರನೇ ಮಹಡಿಯಿಂದ ಕೆಳಗೆ ಬಂದಿತ್ತು’ ಎಂದು ಅಣ್ಣ ಮುಗಿಸುತ್ತಾನೆ.

‘ಆವತ್ತೇ ಇಲ್ಲ ಅಂದಿದ್ರೆ ನಿಮ್ಮ ಗೊರಕೆ ತಪ್ತಿತ್ತು’ ಎಂಬುದು ಅತ್ತಿಗೆಯ ಉತ್ತರ. ಎರಡೂ ಮಾತು ಯಾವತ್ತೂ ಒಟ್ಟಿಗೇ ಬರುತ್ತವೆ.

ಕಳೆದ ವರ್ಷ ಅವರ ಆಸ್ಪತ್ರೆಯನ್ನು ದೊಡ್ಡದೊಂದು ಆಸ್ಪತ್ರೆಯ ಜೊತೆ ಸೇರಿಸಿದರು. ಹಿರಿಯ ಡಾಕ್ಟರುಗಳೆಲ್ಲ ಆ ದೊಡ್ಡ ಕಟ್ಟಡದಲ್ಲಿ ಕೂತು ಫೋನಿನಲ್ಲಿ ಆದೇಶ ಕೊಡುವ ಪದ್ಧತಿ ಬಂತು. ಅವರಲ್ಲಿ ಹಲವರಿಗೆ ನಮ್ಮ ಭಾಷೆ ಬಾರದು. ಆದ್ದರಿಂದ ಮಕ್ಕಳ ವಾರ್ಡಿನಲ್ಲಿ ಉಳಿಯಬೇಕಾದ ನರ್ಸುಗಳು ಇಂಗ್ಲಿಷ್ ಮಾತಿನ ಪರೀಕ್ಷೆಯೊಂದನ್ನು ಪಾಸಾಗಬೇಕು ಎಂದು ನಿಯಮ ಮಾಡಿದರು. ಪಾಸಾಗದವರಿಗೆ ಮರುಪರೀಕ್ಷೆ ಒಂದು. ಅದರಲ್ಲೂ ಆಗದಿದ್ದರೆ ಹೊದಿಕೆ, ಹಾಸುಬಟ್ಟೆಗಳ ಸ್ಟೋರಿಗೆ ಬದಲಿ. ಸಂಬಳದಲ್ಲಿ ವ್ಯತ್ಯಾಸವಿಲ್ಲ.

‘ಸಂಬಳ ಅಷ್ಟೇ ಬರುತ್ತಂತೆ’ ಎಂದರು ಅತ್ತಿಗೆ, ಸುತ್ತೋಲೆ ಬಂದ ದಿನ. ಆಮೇಲೆ ತಟ್ಟೆ ತೊಳೆಯುತ್ತ, ‘ಹೊದಿಕೆ ಅಳಲ್ಲ ನೋಡು’ ಎಂದರು. ಅವರು ಅದನ್ನು ಒಳ್ಳೆಯದೆಂದು ಹೇಳಿದ್ದಲ್ಲ.

ಪರೀಕ್ಷೆಯ ಓದುವ, ಬರೆಯುವ ಭಾಗಗಳಲ್ಲಿ ಅವರಿಗೆ ತೊಂದರೆಯಾಗಲಿಲ್ಲ. ಮೂರನೆಯ ಭಾಗ ಬೇರೆ ಬಗೆಯದು. ಅಭ್ಯರ್ಥಿಗೆ ಒಂದು ಚಿಕ್ಕ ಇಂಗ್ಲಿಷ್ ಪದ ಕೊಡುತ್ತಾರೆ, ಹಲವು ಅರ್ಥಗಳಿರುವಂಥದು. ಪರೀಕ್ಷಕರು ಒಂದೊಂದೇ ಸಂದರ್ಭ ಹೇಳುತ್ತಾರೆ. ಆ ಸಂದರ್ಭಕ್ಕೆ ಆ ಪದವನ್ನು ವಾಕ್ಯದಲ್ಲಿ ಬಳಸಿ, ಅದೇ ಅರ್ಥದ ಇನ್ನೊಂದು ಪದವನ್ನೂ ಹೇಳಬೇಕು. ಐದು ನಿಮಿಷಕ್ಕೆ ಘಂಟೆ ಹೊಡೆಯುತ್ತದೆ, ಅದರೊಳಗೆ ಆರು ಸಂದರ್ಭ ಸರಿಯಾಗಬೇಕು. ಅತ್ತಿಗೆಯ ಪಾಲಿಗೆ ಬಂದ ಪದ ‘ರನ್’.

ಮೊದಲ ಸಲ ಅವರಿಗೆ ಆದದ್ದು ಮೂರು. ಫಲಿತಾಂಶದ ಕೆಳಗೆ ಪರೀಕ್ಷಕರು ಷರಾ ಬರೆದಿದ್ದರು: ‘ಪ್ರಶ್ನೆಯನ್ನೇ ಮರುನುಡಿಯುತ್ತಾರೆ. ಗ್ರಹಿಕೆ ಸಾಲದು.’

‘ಪ್ರತಿ ಪ್ರಶ್ನೇನೂ ತಿರುಗಿ ಹೇಳಿದ್ರಾ?’ ಎಂದು ಕೇಳಿದೆ.

‘ಪ್ರತಿ ಪ್ರಶ್ನೇನೂ ತಿರುಗಿ ಹೇಳಿದೆನಾ ಅಂತೀಯ. ಹೂಂ, ಹೇಳಿದೆ.’

ಅಣ್ಣ ನಕ್ಕುಬಿಟ್ಟ. ಅತ್ತಿಗೆ ನಗಲಿಲ್ಲ. ಆಗ ನನಗೂ ನಗು ಬರಲಿಲ್ಲ. ಮರುಪರೀಕ್ಷೆಗೆ ಪದ ಬದಲಾಗುವುದಿಲ್ಲ, ಸಂದರ್ಭಗಳು ಮಾತ್ರ ಬದಲಾಗಬಹುದು ಎಂದು ಆಸ್ಪತ್ರೆ ಕಚೇರಿಯ ಗುಮಾಸ್ತರು ಹೇಳಿದ್ದರು. ಅಲ್ಲಿಂದ ಮುಂದೆ, ಅವರ ಡ್ಯೂಟಿ ಇಲ್ಲದ ಸಂಜೆಗಳಲ್ಲಿ, ಅಡುಗೆಮನೆಯ ಮೇಜಿನ ಮೇಲೆ ‘ರನ್’ ಎಂಬ ಪದವನ್ನು ಹರವಿಕೊಂಡು ಕೂತೆವು.

‘ಓಡು ಅಂತ ಒಂದು ಅರ್ಥ ಇಟ್ಕೊಂಡು ಸುಮ್ನಿರಬಾರದಿತ್ತಾ?’ ಎಂದರು ಅತ್ತಿಗೆ. ‘ಇಷ್ಟು ಪುಟ್ಟ ಪದ, ಇಷ್ಟು ಹೊರೆ.’

‘ನಮ್ಮ ಹಾಕು ಇಲ್ವಾ ಅತ್ತಿಗೆ? ಬಟ್ಟೆ ಹಾಕು, ಬಾಗಿಲು ಹಾಕು, ಸಹಿ ಹಾಕು, ಲೆಕ್ಕ ಹಾಕು.’

ಅಣ್ಣ ಯಾವುದೋ ಲಿಫ್ಟಿನ ಗುಂಡಿಗಳ ಫಲಕವನ್ನು ಮನೆಗೆ ತಂದು ಬಿಚ್ಚಿಕೊಂಡು ಕೂತಿದ್ದ. ಅಲ್ಲಿಂದಲೇ, ‘ಹೊಡಿ ಬಿಟ್ಯಲ್ಲೋ’ ಎಂದ. ‘ಬಣ್ಣ ಹೊಡಿ, ಗಾಳಿ ಹೊಡಿ, ಹರಟೆ ಹೊಡಿ, ಗೊರಕೆ ಹೊಡಿ.’

‘ಕೊನೇ ಎರಡಕ್ಕೆ ಈ ಮನೇಲೇ ಆಳಿದ್ದಾರೆ. ನೀವು ನಿಮ್ಮ ಸ್ಕ್ರೂ ನೋಡ್ಕೊಳ್ರಿ.’

ಅತ್ತಿಗೆ ಮಂದಮತಿಯಲ್ಲ. ನಾನು ಒಂದು ಅರ್ಥ ಹೇಳಿದರೆ ಅದಕ್ಕೆ ವಾರ್ಡಿನಿಂದ ಒಂದು ಮಗುವನ್ನು ಹುಡುಕಿ ತರುತ್ತಿದ್ದರು. ಡ್ರಿಪ್ಪಿನ ನೀರು ರನ್ ಆಗುತ್ತದೆ; ಹರಿಯುತ್ತದೆ; ಅದಕ್ಕೆ ‘ಫ್ಲೋ’. ಮೂಗು ರನ್ ಆಗುತ್ತದೆ, ಸುರಿಯುತ್ತದೆ. ಹಾಲುಣಿಸುವ ಯಂತ್ರ ರನ್ ಆಗುತ್ತದೆ, ಅಂದರೆ ‘ವರ್ಕ್’. ವಾರ್ಡನ್ನು ರನ್ ಮಾಡುವುದೆಂದರೆ ನಡೆಸುವುದು, ‘ಮ್ಯಾನೇಜ್’. ಹತ್ತಿ ತೀರಿದರೆ ರನ್ ಔಟ್. ಭೇದಿಗೂ ಅದೇ ಪದವನ್ನು ಬಹುವಚನದಲ್ಲಿ ಬಳಸುತ್ತಾರೆಂದು ನಾನು ಹೇಳಿದಾಗ ಅವರಿಗೆ ಬಹಳ ಸಂತೋಷವಾಯಿತು.

‘ಇದನ್ನೇ ಮೊದಲು ಹೇಳ್ತೀನಿ. ನನ್ನ ವಾರ್ಡಲ್ಲಿ ಅರ್ಧ ಮಕ್ಕಳು ಅದಕ್ಕೇ ಬಂದಿರೋದು.’

‘ಪರೀಕ್ಷೇಲಿ ಬೇಡ ಅತ್ತಿಗೆ. ಅಷ್ಟು ಮರ್ಯಾದೆ ಪದ ಅಲ್ಲ.’

‘ಕಾಯಿಲೆಗೂ ಮರ್ಯಾದೆ ನೋಡ್ತಾರಾ ನಿಮ್ಮ ಇಂಗ್ಲಿಷಿನೋರು!’

ಚುನಾವಣೆಯ ಅರ್ಥದಲ್ಲಿ ಅವರು ತುಸು ತಡವರಿಸಿದರು. ಇಂಗ್ಲಿಷಿನಲ್ಲಿ ಚುನಾವಣೆಗೆ ಓಡುತ್ತಾರೆ, ಕನ್ನಡದಲ್ಲಿ ನಿಲ್ಲುತ್ತಾರೆ ಎಂದು ವಿವರಿಸಿದೆ. ‘ಕಂಟೆಸ್ಟ್’ ಎಂದು ನೆನಪಿಡಿ ಎಂದೆ.

‘ನಿಂತು ಗೆದ್ದ ಮೇಲೆ ಓಡೇ ಹೋಗ್ತಾರಲ್ಲ, ಎರಡೂ ಸರಿ’ ಎಂದ ಅಣ್ಣ.

ಪದದ ಅರ್ಥಗಳು ಹೀಗೆ ಒಂದೊಂದಾಗಿ ಅವರ ಕೈಗೆ ಬಂದವು. ಕೈಗೆ ಬಾರದೆ ಉಳಿದದ್ದು ಹೊತ್ತು. ನಾನು ಪ್ರಶ್ನೆ ಕೇಳುತ್ತಿದ್ದೆ, ಅವರು ಪ್ರಶ್ನೆಯನ್ನು ಪೂರ್ತಿ ಒಪ್ಪಿಸಿ ಆಮೇಲೆ ಉತ್ತರಿಸುತ್ತಿದ್ದರು. ನಾಲ್ಕು ಸಂದರ್ಭ ಮುಗಿಯುವಷ್ಟರಲ್ಲಿ ಹೊತ್ತು ತೀರಿರುತ್ತಿತ್ತು. ಕೊನೆಗೆ ನಾನೊಂದು ಉಪಾಯ ಮಾಡಿದೆ. ಅವರು ಪ್ರಶ್ನೆಯನ್ನು ತಿರುಗಿ ಹೇಳಲು ಬಾಯಿ ತೆರೆದರೆ ಸಾಕು, ಚಮಚದಿಂದ ಮೇಜಿನ ಮೇಲೆ ಟಕ್ಕೆನಿಸುತ್ತಿದ್ದೆ. ಅವರು ತುಟಿ ಕಚ್ಚಿಕೊಂಡು, ಮಾತನ್ನು ನುಂಗಿ, ನೇರವಾಗಿ ಉತ್ತರಕ್ಕೆ ಬರುತ್ತಿದ್ದರು. ಮೊದಮೊದಲು ಅವರಿಗೆ ಅದು ಹಿಂಸೆಯಾಗಿತ್ತು. ‘ಕಣ್ಣು ಕಟ್ಕೊಂಡು ಮೆಟ್ಟಿಲು ಇಳಿದ ಹಾಗೆ ಆಗುತ್ತೆ ಕಣೋ’ ಎಂದರು. ಆದರೆ ಶಿಸ್ತಿನ ಹೆಂಗಸು, ಹಿಡಿದದ್ದನ್ನು ಸಾಧಿಸಿದರು. ಫೆಬ್ರವರಿ ಮುಗಿಯುವ ಹೊತ್ತಿಗೆ ಚಮಚದ ಅಗತ್ಯವೇ ಬೀಳಲಿಲ್ಲ. ಎಂಟು ಸಂದರ್ಭಗಳನ್ನು ಅವರು ಬಿಡುವಿಲ್ಲದೆ ಹೇಳಿ ಮುಗಿಸಿದ ಸಂಜೆ ನಾನು ಗೆದ್ದವನಂತೆ ಮಹಡಿಯ ಮೇಲಿನ ನನ್ನ ಕೋಣೆಗೆ ಹೋದೆ.

ಬದಲಾವಣೆಯನ್ನು ಮೊದಲು ಗಮನಿಸಿದವನು ಅಣ್ಣ. ಒಂದು ಬೆಳಿಗ್ಗೆ ಅವನು ಚಪ್ಪಲಿ ಮೆಟ್ಟುತ್ತ, ‘ಇವತ್ತು ಬರೋದು ತಡ ಆಗುತ್ತೆ, ಊಟಕ್ಕೆ ಕಾಯಬೇಡ’ ಎಂದ. ಅತ್ತಿಗೆ ‘ಹೂಂ’ ಎಂದರು. ಅಣ್ಣ ಬಾಗಿಲಲ್ಲೇ ನಿಂತ.

‘ಹೂಂ ಅಷ್ಟೇನಾ?’

‘ಇನ್ನೇನು ಬೇಕಿತ್ತು?’

‘ಏನಿಲ್ಲ. ಹೇಳಿದ್ದು ಮುಟ್ಟಿತೋ ಇಲ್ವೋ ಅಂತ’ ಎಂದು ಅವನು ಹೊರಟುಹೋದ. ನಾನು ಮಹಡಿಯ ಮೆಟ್ಟಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡೆ. ಒಳಗೆ ಏನೋ ಕೊರೆದಂತಾಯಿತು; ಕಚೇರಿಗೆ ಹೊತ್ತಾಗಿದ್ದರಿಂದ ಅದನ್ನು ಅಲ್ಲಿಗೇ ಬಿಟ್ಟೆ.

ಮಾರ್ಚ್ ಮೊದಲ ವಾರದ ಒಂದು ಮಧ್ಯಾಹ್ನ ವಾರ್ಡಿನಲ್ಲಿ ನಡೆದದ್ದನ್ನು ಅತ್ತಿಗೆ ಮರುದಿನ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದರು. ಅವರು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ.

ನಾಲ್ಕನೆಯ ಮಂಚದ ಮೇಲೆ ಭೇದಿಯಿಂದ ಸೊರಗಿದ ಮಗುವೊಂದು ಇತ್ತು. ಆರನೆಯ ಮಂಚದಲ್ಲಿ ಹೃದಯದ ತೊಂದರೆಯ ಮಗು. ಆ ಬೆಳಿಗ್ಗೆ ಆರನೆಯ ಮಂಚದ ಮೇಲಿನ ಫ್ಯಾನು ಕೆಟ್ಟಿತು. ಹೃದಯದ ಮಗು ಸೆಕೆಗೆ ಒದ್ದಾಡುತ್ತದೆಂದು ಎರಡೂ ಮಕ್ಕಳ ಮಂಚ ಅದಲು ಬದಲು ಮಾಡಿದರು. ಆ ದೊಡ್ಡ ಕಟ್ಟಡದಲ್ಲಿದ್ದ ಡಾಕ್ಟರಿಗೆ ಈ ವಿಷಯ ಗೊತ್ತಿಲ್ಲ. ಮಧ್ಯಾಹ್ನ ಅವರ ಫೋನು ಬಂತು. ನಾಲ್ಕನೆಯ ಮಂಚದ ಡ್ರಿಪ್ಪನ್ನು ಜೋರು ಮಾಡಿ, ಇಂತಿಷ್ಟು ವೇಗಕ್ಕೆ ತನ್ನಿ ಎಂದರು.

ಹಿಂದಿನ ಅತ್ತಿಗೆಯಾಗಿದ್ದರೆ, ‘ನಾಲ್ಕನೇ ಮಂಚ, ಹೃದಯದ ಮಗು, ಡ್ರಿಪ್ ಜೋರು ಮಾಡಬೇಕು’ ಎಂದು ಒಪ್ಪಿಸುತ್ತಿದ್ದರು. ಹೃದಯ ಎಂಬ ಮಾತು ಕಿವಿಗೆ ಬಿದ್ದೊಡನೆ ಡಾಕ್ಟರು ಅಲ್ಲೇ ತಡೆಯುತ್ತಿದ್ದರು. ಅವತ್ತು ಅತ್ತಿಗೆ, ‘ಎಸ್ ಡಾಕ್ಟರ್’ ಎಂದರು. ಅತ್ತ ಫೋನು ಇಟ್ಟಾಯಿತು.

‘ಬಾಯಿಗೆ ಬಂದಿತ್ತು ಕಣೋ. ತುದಿ ನಾಲಿಗೆಯಲ್ಲಿತ್ತು. ಚಮಚ ಕೇಳಿಸಿತು ನನಗೆ. ನುಂಗಿಬಿಟ್ಟೆ.’

ಅವರು ಹೋಗಿ ಡ್ರಿಪ್ಪಿನ ಕೊಳವೆಯ ಮೇಲಿನ ಪುಟ್ಟ ಚಕ್ರವನ್ನು ತಿರುಗಿಸಿದರು. ಹನಿಗಳು ಒಂದರ ಹಿಂದೊಂದು ಬೀಳತೊಡಗಿದವು. ಮಗುವಿನ ಹೊದಿಕೆ ಸರಿಪಡಿಸಲು ಬಗ್ಗಿದಾಗ ಅದರ ತುಟಿ ಕಂಡಿತು, ಎಂದಿನ ನೀಲಿ ಛಾಯೆಯದು. ಇಷ್ಟು ನೀರನ್ನು ಈ ಹೃದಯ ತಾಳುವುದಿಲ್ಲವಲ್ಲ ಎಂದು ಆಗ ಹೊಳೆಯಿತು. ಕೂಡಲೇ ಚಕ್ರವನ್ನು ಹಿಂದಿನಂತೆ ತಿರುಗಿಸಿದರು. ಫೋನು ಮಾಡಿದರು, ಡಾಕ್ಟರು ಇನ್ನೊಂದು ಕರೆಯಲ್ಲಿದ್ದರು. ಮತ್ತೆ ಮಾಡಿದರು, ಯಾರೂ ಎತ್ತಲಿಲ್ಲ. ಜೊತೆಯ ಕಿರಿಯ ನರ್ಸನ್ನು ಫೋನಿನ ಹತ್ತಿರ ನಿಲ್ಲಿಸಿ, ತಾವು ಮಗುವಿನ ಮಣಿಕಟ್ಟು ಹಿಡಿದು ನಿಂತರು. ಮಗುವಿನ ತಾಯಿ ಮಂಚದ ಆಚೆ ಕೂತು ಅತ್ತಿಗೆಯ ಮುಖವನ್ನೇ ನೋಡುತ್ತಿದ್ದರಂತೆ.

‘ಏನಾಯ್ತು ಸಿಸ್ಟರ್?’ ಎಂದರಂತೆ ಆ ತಾಯಿ.

‘ನೋಡ್ತಿದ್ದೀನಮ್ಮ, ಅಷ್ಟೇ.’

‘ಅಷ್ಟೇ ಅಂದ್ರೂ ಕೈ ಬಿಡ್ತಿಲ್ವಲ್ಲ ನೀವು.’

ಡಾಕ್ಟರು ಫೋನಿಗೆ ಸಿಕ್ಕಾಗ, ‘ನಾಲ್ಕರಲ್ಲಿರೋದು ಭೇದಿ ಮಗು ಅಲ್ಲವೇ?’ ಎಂದು ಕೇಳಿದರು. ಅಲ್ಲ ಎಂದು ತಿಳಿದ ಮೇಲೆ ತಾವೇ ಹೊರಟು ಬಂದು ಮಗುವನ್ನು ನೋಡಿದರು. ಏನೂ ಆಗಿರಲಿಲ್ಲ. ಚಕ್ರ ಜೋರಾಗಿದ್ದದ್ದು ಹೊದಿಕೆ ಸರಿಪಡಿಸುವಷ್ಟು ಹೊತ್ತು ಮಾತ್ರ. ಅತ್ತಿಗೆ ಅಂದೇ ಮೇಟ್ರನ್ ಬಳಿ ಹೋಗಿ ನಡೆದದ್ದನ್ನು ತಾವಾಗಿ ಹೇಳಿ ಬಂದರು.

ನನಗೆ ಹೇಳುವಾಗ ಅವರ ದನಿ ಏರಲಿಲ್ಲ. ಕೈಗಳು ಮಾತ್ರ ಮೇಜಿನ ಮೇಲಿನ ಬಟ್ಟೆಯನ್ನು ಮಡಿಸುವುದೂ ಬಿಚ್ಚುವುದೂ ಮಾಡುತ್ತಿದ್ದವು.

‘ನಾನು ಇಷ್ಟು ವರ್ಷ ಏನಂದ್ಕೊಂಡಿದ್ದೆ ಗೊತ್ತಾ? ನನಗೆ ಸರಿಯಾಗಿ ಕೇಳಿಸಿತೋ ಇಲ್ವೋ ಅಂತ ನೋಡೋಕೆ ತಿರುಗಿ ಹೇಳ್ತೀನಿ ಅಂತ. ಅಲ್ಲ. ಹೇಳಿದೋರಿಗೆ ತಾವು ಹೇಳಿದ್ದು ಕೇಳಿಸಲಿ ಅಂತ.’

ಮರುಪರೀಕ್ಷೆಗೆ ಎರಡು ವಾರವಿತ್ತು. ನಾನು, ವಾರ್ಡು ಬೇರೆ, ಪರೀಕ್ಷೆ ಬೇರೆ ಎಂದೆ. ವಾರ್ಡಿನಲ್ಲಿ ತಿರುಗಿ ಹೇಳಿ, ಪರೀಕ್ಷೆಯಲ್ಲಿ ಆ ಐದು ನಿಮಿಷ ಬಿಟ್ಟುಬಿಡಿ.

‘ನಾಲಿಗೆಗೆ ಎರಡು ಯೂನಿಫಾರ್ಮ್ ಹೊಲಿಸೋಕಾಗುತ್ತೇನೋ?’

‘ಹಾಗಾದ್ರೆ ಚಿಕ್ಕದು ಮಾಡೋಣ. ಪೂರ್ತಿ ಬೇಡ, ಮುಖ್ಯವಾದ ಒಂದೆರಡು ಪದ ಮಾತ್ರ ತಿರುಗಿ ಹೇಳಿ.’

‘ಯಾವುದು ಮುಖ್ಯ ಅಂತ ನಾನೇ ಆರಿಸಿಬಿಟ್ರೆ ಆಯ್ತಲ್ಲ, ಅವರು ಹೇಳಿದ್ದು ಹೋಯ್ತು, ನಾನು ಅಂದ್ಕೊಂಡಿದ್ದು ಉಳೀತು.’

‘ಅತ್ತಿಗೆ, ಸ್ಟೋರಿಗೆ ಹಾಕ್ತಾರೆ.’

‘ಸ್ಟೋರಿಗೆ ಹಾಕ್ತಾರೆ ಅಂತೀಯ.’ ಅವರು ಬಟ್ಟೆಯನ್ನು ಮಡಿಸಿ ಇಟ್ಟರು. ‘ಗೊತ್ತು. ನಾನು ರಾತ್ರಿ ನಿದ್ದೆ ಮಾಡ್ತಿದ್ದೀನಿ ಅಂದ್ಕೊಂಡಿದ್ದೀಯಾ?’

ಆ ಸಂಜೆ ಅಣ್ಣ ಏನೂ ಹಾಸ್ಯ ಮಾಡಲಿಲ್ಲ. ಊಟವಾದ ಮೇಲೆ ನನ್ನೊಬ್ಬನ ಬಳಿಗೆ ಬಂದು, ‘ಲಿಫ್ಟಿಗೆ ಎರಡು ಬ್ರೇಕ್ ಇರುತ್ತೆ’ ಎಂದ. ‘ಎರಡನೇದು ವರ್ಷಾನುಗಟ್ಟಲೆ ಕೆಲಸಕ್ಕೇ ಬರಲ್ಲ. ಹಾಗಂತ ಬಿಚ್ಚಿಡ್ತಾರಾ? ಅವಳನ್ನ ಒತ್ತಾಯ ಮಾಡಬೇಡ ಕಣೋ.’ ನಾನು ಒತ್ತಾಯ ಮಾಡಲಿಲ್ಲ. ಬದಲಿಗೆ ಉತ್ತರಗಳನ್ನು ಕತ್ತರಿಸಿದೆ. ಒಂದೊಂದು ವಾಕ್ಯದಿಂದಲೂ ಬೇಡದ ಪದಗಳನ್ನೆಲ್ಲ ತೆಗೆದು, ಮೂರು ನಾಲ್ಕು ಪದಗಳಿಗೆ ಇಳಿಸಿ, ಪ್ರಶ್ನೆಗೆ ಬೇಕಾದ ಹೊತ್ತನ್ನು ಉತ್ತರದಿಂದ ಉಳಿಸಲು ನೋಡಿದೆ. ಅಭ್ಯಾಸದಲ್ಲಿ ಒಂದು ದಿನ ಆರಾಗುತ್ತಿತ್ತು, ಮರುದಿನ ಐದು. ನಾನು ಪ್ರಶ್ನೆಯನ್ನು ಚಿಕ್ಕದಾಗಿ ಕೇಳಿದರೆ ಆರು. ಉದ್ದವಾಗಿ ಕೇಳಿದರೆ ಐದು. ಪರೀಕ್ಷಕರು ಹೇಗೆ ಕೇಳುತ್ತಾರೆಂಬುದು ನಮ್ಮ ಕೈಯಲ್ಲಿರಲಿಲ್ಲ.

ಹೃದಯದ ಮಗು ಮೊನ್ನೆ ಮನೆಗೆ ಹೋಯಿತಂತೆ. ಅತ್ತಿಗೆ ಅಷ್ಟನ್ನು ಮಾತ್ರ ಹೇಳಿದರು.

ಇವತ್ತು ನಾವು ಹತ್ತೂವರೆಗೆ ಆ ದೊಡ್ಡ ಕಟ್ಟಡ ತಲುಪಿದೆವು. ಪರೀಕ್ಷೆಯ ಕೋಣೆಯ ಹೊರಗೆ ಬೆಂಚು; ಬಾಗಿಲು ಪೂರ್ತಿ ಮುಚ್ಚಿಕೊಳ್ಳುವಂತಿರಲಿಲ್ಲ, ಕೆಳಗಿನ ಕೀಲು ಸಡಿಲವಾಗಿತ್ತು. ಆದ್ದರಿಂದ ಒಳಗಿನ ಮಾತು ನನಗೆ ಕೇಳಿಸಿತು, ಸಂದಿಯಲ್ಲಿ ಪರೀಕ್ಷಕರ ಮೇಜೂ ಕಂಡಿತು. ಪರೀಕ್ಷಕರು ಮಧ್ಯವಯಸ್ಸಿನ ಹೆಂಗಸು, ನೆಗಡಿಯಾಗಿತ್ತು, ಎದುರಿಗೆ ಫ್ಲಾಸ್ಕ್. ಮೊದಲ ಸಲ ಷರಾ ಬರೆದವರು ಇವರಲ್ಲ. ಒಳಗೆ ಹೋಗುವ ಮುನ್ನ ಅತ್ತಿಗೆ ತಮ್ಮ ಕೈಚೀಲವನ್ನು ನನ್ನ ಕೈಗೆ ಕೊಟ್ಟರು.

ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಇಲ್ಲಿ ನನ್ನ ಭಾಷೆಯಲ್ಲಿ ಬರೆಯುತ್ತೇನೆ. ಪರೀಕ್ಷಕರು ಮೊದಲ ಸಂದರ್ಭ ಹೇಳಿದರು: ‘ಸ್ನಾನದ ಮನೆಯಲ್ಲಿ ನಲ್ಲಿ ತೆರೆದಿಟ್ಟು ಯಾರೋ ಮರೆತು ಹೋಗಿದ್ದಾರೆ. ನಿಮ್ಮ ಪದವನ್ನು ಬಳಸಿ ಹೇಳಿ.’

ಅತ್ತಿಗೆ ಅದನ್ನು ಪೂರ್ತಿ ತಿರುಗಿ ಹೇಳಿದರು.

‘ಹೌದು, ನಾನು ಹೇಳಿದ್ದು ಅದೇ. ನೀವು ಉತ್ತರ ಹೇಳಬೇಕು.’

‘ಮೊದಲು ನೀವು ಹೇಳಿದ್ದನ್ನು ಹೇಳುತ್ತೇನೆ. ಆಮೇಲೆ ಉತ್ತರ. ವಾರ್ಡಿನಲ್ಲಿ ಹೀಗೇ ಮಾಡುತ್ತೇನೆ, ಮೇಡಂ.’

ಪರೀಕ್ಷಕರು ಮೂಗು ಒರೆಸಿಕೊಂಡರು. ‘ವಾರ್ಡಿಗೆ ಅದು ಸರಿಯಿರಬಹುದು. ಇಲ್ಲಿ ಹೊತ್ತು ನಿಮ್ಮದೇ ಹೋಗುತ್ತದೆ. ನಾನು ಘಂಟೆಯನ್ನು ನಿಲ್ಲಿಸಲಾರೆ.’

‘ಹೊತ್ತು ನನ್ನದೇ ಹೋಗುತ್ತದೆ, ನೀವು ಘಂಟೆಯನ್ನು ನಿಲ್ಲಿಸಲಾರಿರಿ. ಸರಿ’ ಎಂದರು ಅತ್ತಿಗೆ.

ಹೊರಗೆ ನಾನು ಕಣ್ಣು ಮುಚ್ಚಿಕೊಂಡೆ. ಆ ಒಂದು ವಾಕ್ಯಕ್ಕೆ ಎಷ್ಟು ಹೊತ್ತು ಹೋಯಿತೋ.

ನಲ್ಲಿಗೆ ‘ಫ್ಲೋ’ ಬಂತು. ಅಂಗಡಿ ನಡೆಸುವುದಕ್ಕೆ ‘ಮ್ಯಾನೇಜ್’. ರಸ್ತೆಯೊಂದು ನದಿಯ ಗುಂಟ ಸಾಗುವುದಕ್ಕೆ ಅವರು ಕ್ಷಣ ತಡೆದರು. ಆಮೇಲೆ ‘ಎಕ್ಸ್‌ಟೆಂಡ್’ ಬಂತು. ಯಂತ್ರಕ್ಕೆ ‘ವರ್ಕ್’. ಪ್ರತಿ ಸಲವೂ ಮೊದಲು ಪ್ರಶ್ನೆ ಅವರ ದನಿಯಲ್ಲಿ ಇಡಿಯಾಗಿ ಬರುತ್ತಿತ್ತು. ಪರೀಕ್ಷಕರು ಉದ್ದಕ್ಕೆ ಕೇಳುವವರು. ಪ್ರತಿಯೊಂದಕ್ಕೂ ಒಂದು ಪುಟ್ಟ ಕಥೆ ಕಟ್ಟುತ್ತಿದ್ದರು, ನದಿ, ಸೇತುವೆ, ಅಂಗಡಿಯ ಮುದುಕ. ಆ ಮುದುಕನನ್ನೂ ಅತ್ತಿಗೆ ಬಿಡಲಿಲ್ಲ. ಐದನೆಯದು ಚುನಾವಣೆ. ‘ಕಂಟೆಸ್ಟ್’ ತಡವಿಲ್ಲದೆ ಬಂತು.

ಆರನೆಯದಕ್ಕೆ ಪರೀಕ್ಷಕರು, ರೋಗಿಯ ಕೋಣೆಯಲ್ಲಿ ಔಷಧ ಮುಗಿದುಹೋಗಿದೆ, ಉಗ್ರಾಣದಲ್ಲೂ ಇಲ್ಲ, ಡಾಕ್ಟರಿಗೆ ಹೇಗೆ ತಿಳಿಸುತ್ತೀರಿ ಎಂದು ಕೇಳಿದರು. ನಮ್ಮ ಮೇಜಿನ ಮೇಲೆ ಹತ್ತಾರು ಸಲ ಆದದ್ದು. ಅತ್ತಿಗೆ ಪ್ರಶ್ನೆಯನ್ನು ತಿರುಗಿ ಹೇಳತೊಡಗಿದರು. ‘ಉಗ್ರಾಣದಲ್ಲೂ ಇಲ್ಲ’ ಎನ್ನುವಲ್ಲಿ ಘಂಟೆ ಹೊಡೆಯಿತು.

ಅವರು ನಿಲ್ಲಿಸಲಿಲ್ಲ. ಪ್ರಶ್ನೆಯನ್ನು ಮುಗಿಸಿದರು, ಉತ್ತರವನ್ನೂ ಹೇಳಿದರು, ಅದೇ ಅರ್ಥದ ಪದವನ್ನೂ.

‘ಉತ್ತರ ಸರಿ. ಕೇಳಿಸಿಕೊಂಡೆ’ ಎಂದರು ಪರೀಕ್ಷಕರು. ಗಂಟಲು ಸರಿಪಡಿಸಿಕೊಂಡು, ‘ಆದರೆ ಘಂಟೆ ಹೊಡೆದ ಮೇಲೆ ಬರೆಯಲು ನನಗೆ ಅಧಿಕಾರವಿಲ್ಲ, ಸಿಸ್ಟರ್’ ಎಂದರು. ಅವರ ದನಿಯಲ್ಲಿ ಕೆಡುಕಿರಲಿಲ್ಲ.

ಹೊರಗೆ ಬಂದ ಅತ್ತಿಗೆ ಕೈಚೀಲ ತೆಗೆದುಕೊಂಡರು. ‘ಐದು’ ಎಂದರು.

‘ಕೇಳಿಸಿತು.’

‘ಚಹಾ ಕುಡಿಯೋಣ ಬಾ. ನಿನ್ನ ಮುಖ ನೋಡೋಕಾಗ್ತಿಲ್ಲ.’

ಚಹಾ ಕುಡಿದೆವು. ಪರೀಕ್ಷಕರು ಏನಾದರೂ ಬರೆದಿರಬಹುದು, ಮೊದಲ ಸಲದ ಮೂರಕ್ಕೆ ಹೋಲಿಸಿ ಮೇಲಿನವರು ಏನಾದರೂ ಯೋಚಿಸಬಹುದು ಎಂದೆಲ್ಲ ನಾನು ಹೇಳುತ್ತ ಹೋದೆ. ಅತ್ತಿಗೆ ಲೋಟದ ಅಂಚನ್ನು ನೋಡುತ್ತ ಕೇಳಿಸಿಕೊಂಡರು. ಅವರು ನನ್ನ ಯಾವ ಮಾತನ್ನೂ ತಿರುಗಿ ಹೇಳಲಿಲ್ಲ. ಅವು ನಡೆಸುವಂಥ ಮಾತುಗಳಲ್ಲವೆಂದು ಅವರಿಗೆ ಗೊತ್ತಿತ್ತು.

ಒಂದು ಗಂಟೆಗೆ ಗುಮಾಸ್ತರು ಕಿಂಡಿಗೆ ಕರೆದರು. ಕನ್ನಡಕವನ್ನು ಹಣೆಗೇರಿಸಿ ಕಾಗದ ನೋಡಿದರು.

‘ಆಗಿಲ್ಲ ಸಿಸ್ಟರ್. ಸೋಮವಾರದಿಂದ ಬಟ್ಟೆ ಸ್ಟೋರಿಗೆ ಹೋಗಿ. ಬೆಳಿಗ್ಗೆ ಎಂಟಕ್ಕೆ. ವಾರ್ಡಿನ ಬೀಗದ ಕೈಯನ್ನ ಶನಿವಾರ ಮೇಟ್ರನ್‌ಗೆ ಒಪ್ಪಿಸಿಬಿಡಿ.’

ಅತ್ತಿಗೆ ಕಿಂಡಿಯ ಕಟ್ಟೆಯ ಮೇಲೆ ಎರಡೂ ಕೈಯಿಟ್ಟು ನಿಂತರು. ಮಗುವಿನ ನರ ಹುಡುಕುವಾಗ ಹೀಗೇ ನಿಲ್ಲುತ್ತಿದ್ದರೇನೋ, ಉಸಿರಾಡಿದ್ದು ಕಾಣಲಿಲ್ಲ.

‘ಆಗಿಲ್ಲ’ ಎಂದರು. ‘ಸೋಮವಾರದಿಂದ ಬಟ್ಟೆ ಸ್ಟೋರು. ಬೆಳಿಗ್ಗೆ ಎಂಟಕ್ಕೆ. ವಾರ್ಡಿನ ಬೀಗದ ಕೈ ಶನಿವಾರ ಮೇಟ್ರನ್‌ಗೆ. ಸರಿಯಾ?’

ಗುಮಾಸ್ತರು ಕನ್ನಡಕವನ್ನು ಕೆಳಗಿಳಿಸಿ ಕಾಗದವನ್ನು ಇನ್ನೊಮ್ಮೆ ಓದಿದರು. ಅದರಲ್ಲಿ ಏನಾದರೂ ತಪ್ಪು ಸಿಗಲಿ ಎಂದು ನಾನು ಕಿಂಡಿಯ ಆಚೆಗೆ ಬಗ್ಗಿ ನೋಡುತ್ತಿದ್ದೆ.

‘ಸರಿ ಸಿಸ್ಟರ್’ ಎಂದರು ಅವರು.

ಅಲ್ಲಿಂದ ಅತ್ತಿಗೆ ನೇರವಾಗಿ ವಾರ್ಡಿಗೆ ಹೋದರು. ಎರಡು ಗಂಟೆಗೆ ಅವರ ಡ್ಯೂಟಿ. ನಾನು ಕಚೇರಿಗೆ ಹೋಗದೆ ಮನೆಗೆ ಬಂದು, ಅಣ್ಣನಿಗೆ ಫೋನು ಮಾಡಿ ತಿಳಿಸಿದೆ. ಅವನ ಹಿಂದೆ ಯಾವುದೋ ಲಿಫ್ಟಿನ ಬಾಗಿಲು ಹಾಕಿ ತೆಗೆಯುವ ಸದ್ದು ಕೇಳಿಸುತ್ತಿತ್ತು. ‘ಇವತ್ತು ಅಡುಗೆ ನಾನು ಮಾಡ್ತೀನಿ ಅಂತ ಹೇಳು ಅವಳಿಗೆ’ ಎಂದ. ಹೇಳುತ್ತೇನೆಂದೆ.

ಇಂದಿನ ಖರ್ಚು: ಹೋಗುವಾಗ ಬಸ್ಸು, ಇಬ್ಬರಿಗೆ ಇಪ್ಪತ್ನಾಲ್ಕು. ಚಹಾ ಎರಡು, ಮೂವತ್ತು. ಅತ್ತಿಗೆ ವಾರ್ಡಿಗೆ ಹೋಗಲು ಆಟೋ, ಅರವತ್ತು. ನಾನು ಮರಳಿ ಬಂದ ಬಸ್ಸು, ಹನ್ನೆರಡು. ತರಕಾರಿ, ಎಂಬತ್ತೈದು. ಒಟ್ಟು ಇನ್ನೂರ ಹನ್ನೊಂದು.